ಹೊಲದ ಹೂವಿನ ಪಂಚಾಂಗ

ವೆನಿಲ್ಲಾ ಬೆಲೆ ಮುಗಿಲು ಮುಟ್ಟಿದ್ದ ಆ ಎರಡು ಮೂರು ವರ್ಷಗಳ ಬೆಳಗಿನ ಹೊತ್ತು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. 2003ರ ಆಸುಪಾಸು. ಪುತ್ತೂರು, ಸುಳ್ಯದಿಂದ ಹಿಡಿದು ಸಾಗರ, ಶಿರಸಿಯವರೆಗಿನ ಅಡಿಕೆ ತೋಟದ ಮನೆಗಳಲ್ಲಿ ದೋಸೆ ಕಾವಲಿ ಒಲೆಗೇರುವ ಮೊದಲೇ ಹೆಂಗಸರು ತೋಟಕ್ಕಿಳಿಯುತ್ತಿದ್ದರು. ಕೈಯಲ್ಲಿ ತುದಿ ಚೂಪು ಮಾಡಿದ ಒಂದು ಹಿಡಿಸೂಡಿ ಕಡ್ಡಿ. ಗ್ಲಿರಿಸಿಡಿಯಾ ಗಿಡಕ್ಕೆ ಹಬ್ಬಿಸಿದ ಬಳ್ಳಿಯಲ್ಲಿ ಅಂದು ಬೆಳಗಿನ ಜಾವ ಅರಳಿದ ಹಸಿರು ಬೆರೆತ ಹಳದಿ ಹೂವನ್ನು ಎಡಗೈಯಲ್ಲಿ ಹಿಡಿದು, ಅದರ ತುಟಿಯನ್ನು ಕಡ್ಡಿಯಿಂದ ಸೀಳಿ, ಗಂಡು ಹೆಣ್ಣು ಭಾಗಗಳ ನಡುವೆ ಪರದೆಯಂತೆ ನಿಂತ ಚಿಕ್ಕ ಪೊರೆಯನ್ನು ಮೇಲಕ್ಕೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಬೇಕು. ಒಂದು ಹೂವಿಗೆ ಕೆಲವೇ ಸೆಕೆಂಡು. ಆದರೆ ಹೂವಿನ ಆಯುಷ್ಯ ಒಂದು ಬೆಳಗು ಮಾತ್ರ. ಮಧ್ಯಾಹ್ನಕ್ಕೆ ಬಾಡುತ್ತದೆ. ಒಂದು ಗೊಂಚಲಿನಲ್ಲಿ ದಿನಕ್ಕೆ ಅರಳುವುದೂ ಒಂದೋ ಎರಡೋ ಹೂವು. ಹಾಗಾಗಿ ಅದೇ ಬಳ್ಳಿಯ ಬಳಿಗೆ ವಾರಗಟ್ಟಲೆ, ಭಾನುವಾರವಿಲ್ಲ, ಹಬ್ಬವಿಲ್ಲ, ನಿತ್ಯ ಹೋಗಬೇಕು.

ಕೈ ಪಳಗಿದವರು ಒಂದು ಬೆಳಗಿಗೆ ಸಾವಿರ, ಸಾವಿರದೈನೂರು ಹೂವು ಮುಗಿಸುತ್ತಿದ್ದರು. 'ಪಾಲಿನೇಶನ್ ಆಯ್ತಾ?' ಎನ್ನುವುದು ಆ ದಿನಗಳಲ್ಲಿ ತೋಟದ ಮನೆಗಳ ಕುಶಲ ಪ್ರಶ್ನೆಯೇ ಆಗಿಹೋಗಿತ್ತು. ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ. ರಾತ್ರಿ ಟಾರ್ಚು ಹಿಡಿದು ತೋಟ ಕಾದವರಿದ್ದರು. ಆಮೇಲೆ ಬೆಲೆ ನೆಲ ಕಚ್ಚಿತು, ಬಳ್ಳಿಗಳು ಅಲ್ಲಲ್ಲೇ ಕೊಳೆತವು. ಆ ಲಾಭ ನಷ್ಟದ ಕಥೆ ಬೇರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಕತ್ತು ನೋಯುವಷ್ಟು ಹೊತ್ತು ಮುಖವೆತ್ತಿ ನಿಂತು ಹೂವಿಗೆ ಕಡ್ಡಿ ಹಾಕುತ್ತಿದ್ದ ಆ ಹೆಂಗಸರ ಚಿತ್ರ. ಒಂದು ಸಣ್ಣ ಜೇನುನೊಣ ಕೂಲಿಯಿಲ್ಲದೆ ಮಾಡುವ ಕೆಲಸ ಎಷ್ಟು ದೊಡ್ಡದು ಎಂಬುದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಅಲ್ಲಿ ಕಂಡದ್ದು.

ವೆನಿಲ್ಲಾ ಮೆಕ್ಸಿಕೋದ ಕಾಡಿನ ಬಳ್ಳಿ. ಅಲ್ಲಿ ಅದಕ್ಕೆ ಒಗ್ಗಿದ ನೊಣಗಳಿವೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಫ್ರೆಂಚರು ಬಳ್ಳಿಯನ್ನು ತಂದರು, ನೊಣ ತರಲಿಲ್ಲ. ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಕಾಯಿ ಮಾತ್ರ ಕಟ್ಟಲಿಲ್ಲ. 1841ರಲ್ಲಿ ಎಡ್ಮಂಡ್ ಅಲ್ಬಿಯಸ್ ಎಂಬ ಹನ್ನೆರಡರ ಹರೆಯದ ಗುಲಾಮ ಹುಡುಗ ಕಡ್ಡಿ ಮತ್ತು ಹೆಬ್ಬೆರಳಿನ ಈ ಉಪಾಯವನ್ನು ಕಂಡುಕೊಂಡ. ಜಗತ್ತಿನ ವೆನಿಲ್ಲಾ ವ್ಯಾಪಾರವೆಲ್ಲ ಅವನ ಹೆಬ್ಬೆರಳಿನ ಮೇಲೆ ನಿಂತಿತು. ಅವನು ಮಾತ್ರ 1880ರಲ್ಲಿ ಬಡತನದಲ್ಲೇ ತೀರಿಕೊಂಡ. ಸುಳ್ಯದ ತೋಟದಲ್ಲಿ ನಮ್ಮ ಹೆಂಗಸರು ಮಾಡುತ್ತಿದ್ದುದು ಆ ಹುಡುಗ ಕಲಿಸಿಕೊಟ್ಟ ಕೆಲಸವನ್ನೇ.

ಬಯಲುಸೀಮೆಯಲ್ಲೂ ಇಂಥದ್ದೇ ಕೆಲಸವೊಂದಿದೆ. ರಾಯಚೂರು, ಕೊಪ್ಪಳ, ಬಳ್ಳಾರಿ, ಗದಗಿನ ಎರೆಭೂಮಿಯಲ್ಲಿ ಸೂರ್ಯಕಾಂತಿ ಬೆಳೆದವರಿಗೆ ಗೊತ್ತು. ತೆನೆ ತಟ್ಟೆಯಷ್ಟು ದೊಡ್ಡದಾಗಿರುತ್ತದೆ, ಒಡೆದು ನೋಡಿದರೆ ನಡುವಿನ ಕಾಳೆಲ್ಲ ಜೊಳ್ಳು. ಸೂರ್ಯಕಾಂತಿಯ ಒಂದೊಂದು ತೆನೆಯೂ ನೂರಾರು ಕಿರುಹೂವುಗಳ ಗುಂಪು. ಅಂಚಿನಿಂದ ನಡುವಿಗೆ ದಿನಕ್ಕೊಂದಿಷ್ಟು ಅರಳುತ್ತಾ ಬರುತ್ತವೆ. ಬೇರೆ ಗಿಡದ ಪರಾಗ ಬಂದು ಬೀಳದಿದ್ದರೆ ಕಾಳು ಸರಿಯಾಗಿ ತುಂಬುವುದಿಲ್ಲ. ಜೇನು ಕಡಿಮೆಯಿದ್ದಲ್ಲಿ ಕೃಷಿ ಇಲಾಖೆಯವರು ಹೇಳುವ ಉಪಾಯವೆಂದರೆ, ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಅಂಗೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ದಿನ ಬಿಟ್ಟು ದಿನ ಒಂದೊಂದು ತೆನೆಯನ್ನೂ ಸವರುತ್ತಾ ಹೋಗುವುದು, ಇಲ್ಲವೇ ಎರಡು ತೆನೆಗಳನ್ನು ಮುಖಕ್ಕೆ ಮುಖ ಕೊಟ್ಟು ಮೆಲ್ಲಗೆ ಉಜ್ಜುವುದು. ಒಂದು ಎಕರೆಯಲ್ಲಿ ಎಷ್ಟು ಸಾವಿರ ತೆನೆಗಳಿರುತ್ತವೆ, ಅಷ್ಟಕ್ಕೂ ಕೈಯಾಡಿಸಲು ಎಷ್ಟು ಆಳು ಬೇಕು ಎಂದು ರೈತರೇ ಲೆಕ್ಕ ಹಾಕಿ ಕೈಬಿಡುತ್ತಾರೆ.

ಜೇನಿನ ಬಗ್ಗೆ ಬರೆಯುವವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ಜೇನು ಅಳಿದರೆ ಮನುಷ್ಯನಿಗೆ ಉಳಿಯುವುದು ನಾಲ್ಕೇ ವರ್ಷ ಎಂದು ಐನ್‌ಸ್ಟೈನ್ ಹೇಳಿದ್ದರಂತೆ. ಅವರು ಹಾಗೆ ಹೇಳಿದ್ದಕ್ಕೆ ಯಾವ ಆಧಾರವೂ ಇಲ್ಲ. ಮಾತೂ ನಿಜವಲ್ಲ. ಭತ್ತ, ರಾಗಿ ತಮ್ಮೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆಗಳು. ಮೆಕ್ಕೆಜೋಳಕ್ಕೆ ಗಾಳಿ ಸಾಕು. ಜೇನು ಪೂರ್ತಿ ಅಳಿದರೂ ಅನ್ನ, ಮುದ್ದೆ ನಮಗೆ ಸಿಗುತ್ತದೆ. ಅದರ ಪಕ್ಕದಲ್ಲಿ ಬಡಿಸುವುದಕ್ಕೆ ಏನಿರುತ್ತದೆ ಎಂದು ಕೇಳಿ. ಕುಂಬಳ, ಹೀರೆ, ಸೌತೆ, ಹಾಗಲ ಸಿಗುವುದೇ ಕಷ್ಟ, ಏಕೆಂದರೆ ಇವುಗಳ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಸಾಸಿವೆ ಕಡಿಮೆಯಾಗುತ್ತದೆ, ಏಲಕ್ಕಿ, ಕಲ್ಲಂಗಡಿ ಅಪರೂಪವಾಗುತ್ತವೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲು ಸ್ವಲ್ಪವೋ ಹೆಚ್ಚೋ ಕೀಟ, ಹಕ್ಕಿ, ಬಾವಲಿಗಳ ನೆರವು ಪಡೆಯುತ್ತವೆ. ತೂಕದ ಲೆಕ್ಕದಲ್ಲಿ ಅವುಗಳ ಪಾಲು ಮೂರನೇ ಒಂದಂಶಕ್ಕಿಂತ ತುಸು ಹೆಚ್ಚಷ್ಟೇ. ಆದರೆ ನಮ್ಮ ಕಣ್ಣಿಗೆ, ರಕ್ತಕ್ಕೆ, ಬಸುರಿಯ ಹೊಟ್ಟೆಯ ಮಗುವಿಗೆ ಬೇಕಾದ ಜೀವಸತ್ವಗಳ ದೊಡ್ಡ ಪಾಲು ಬರುವುದು ಅಲ್ಲಿಂದಲೇ. ಜೀವವೈವಿಧ್ಯದ ಅಧ್ಯಯನಕ್ಕೆಂದೇ ದೇಶಗಳು ಸೇರಿ ಕಟ್ಟಿಕೊಂಡ ಐಪಿಬಿಇಎಸ್ ಎಂಬ ವೇದಿಕೆ 2016ರಲ್ಲಿ ಕೊಟ್ಟ ವರದಿಯ ಪ್ರಕಾರ, ಪರಾಗಸ್ಪರ್ಶಿಗಳನ್ನು ನೇರವಾಗಿ ನೆಚ್ಚಿದ ಬೆಳೆಯ ವಾರ್ಷಿಕ ಮೌಲ್ಯ 23,500 ಕೋಟಿಯಿಂದ 57,700 ಕೋಟಿ ಡಾಲರ್. ಬಡವರ ತಟ್ಟೆಯಿಂದ ಮೊದಲು ಮಾಯವಾಗುವುದು ತರಕಾರಿ, ಹಣ್ಣು. ಜೇನಿನ ಪ್ರಶ್ನೆ ನನಗೆ ಈ ಕಾರಣಕ್ಕೇ ದೊಡ್ಡದು.

ಜೇನು ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ತುಪ್ಪ ಕೊಡುವ ನೊಣಗಳು. ಕಾಡಿನ ಎತ್ತರದ ಮರ, ಬಂಡೆ, ನೀರಿನ ಟ್ಯಾಂಕುಗಳಿಗೆ ಒಂದೇ ದೊಡ್ಡ ಎರಿ ಇಳಿಬಿಡುವ ಹೆಜ್ಜೇನು. ಮರದ ಪೊಟರೆ, ಹುತ್ತದೊಳಗೆ ಹಲವು ಎರಿ ಕಟ್ಟುವ, ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವ ತುಡುವೆ. ಬೇಲಿಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಕೋಲುಜೇನು. ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆ ಇಟ್ಟುಕೊಂಡು ಬದುಕುವ, ಚುಚ್ಚಲು ಬಾರದ ಮುಜಂಟಿ. ಶಿರಸಿ ಕಡೆ ಅದಕ್ಕೆ ಮಿಸರಿ ಎನ್ನುತ್ತಾರೆ. ಈ ನಾಲ್ಕನ್ನು ಬಿಟ್ಟು ನಮ್ಮ ಸುತ್ತ ಒಂಟಿಯಾಗಿ ಬದುಕುವ, ತುಪ್ಪ ಕೂಡಿಡದ ನೂರಾರು ಬಗೆಯ ಜೇನುಗಳಿವೆ. ಜಗತ್ತಿನಲ್ಲಿ ಒಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಭೇದ.

ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕಸುಬು. ಬದನೆ ಹೂವಿನ ನಡುವೆ ಹಳದಿ ಕೊಳವೆಗಳು ಒತ್ತೊತ್ತಾಗಿ ನಿಂತಿರುವುದನ್ನು ನೋಡಿರುತ್ತೀರಿ. ಅದರೊಳಗೆ ಪರಾಗವಿದೆ, ತುದಿಯಲ್ಲಿ ಮಾತ್ರ ಸಣ್ಣ ತೂತು, ಪೌಡರ್ ಡಬ್ಬಿಯ ಹಾಗೆ. ಅಲ್ಲಾಡಿಸದೆ ಪುಡಿ ಉದುರುವುದಿಲ್ಲ. ತುಡುವೆಗೆ ಈ ವಿದ್ಯೆ ಬಾರದು. ತೊಲೆ ಕೊರೆಯುತ್ತದೆಂದು ನಾವು ಬೈಯುವ ದೊಡ್ಡ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಚುರುಕು ಒಂಟಿಜೇನು ಬಂದು ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿದಾಗ ಪರಾಗ ಚಿಮ್ಮುತ್ತದೆ. ಟೊಮೆಟೊಗೂ ಹೀಗೇ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಉಡುಪಿಯ ಮಟ್ಟುಗುಳ್ಳದ ಹೂವೂ ಇಂಥ ಕಂಪನಕ್ಕೇ ಪುಡಿ ಉದುರಿಸುವಂಥದು. ನೀಲಿ ಪಟ್ಟೆಯ ಆ ನೊಣ ಗೂಡು ಮಾಡುವುದು ಮಣ್ಣಿನ ಗೋಡೆಯಲ್ಲಿ, ಗೇಯದೆ ಬಿಟ್ಟ ಬದುವಿನಲ್ಲಿ. ಗೋಡೆಗೆಲ್ಲ ಸಿಮೆಂಟು ಬಳಿದು, ಬದುವನ್ನು ಟ್ರ್ಯಾಕ್ಟರಿನಲ್ಲಿ ಕೆತ್ತಿ ತೆಗೆದ ಮೇಲೆ ಅದು ಎಲ್ಲಿ ಮೊಟ್ಟೆಯಿಡಬೇಕು? ತೊಗರಿ, ಅವರೆಯ ಹೂವುಗಳದು ಇನ್ನೊಂದು ಬಗೆ. ದಳ ಒತ್ತಿ ಬಾಗಿಲು ತೆರೆಯುವಷ್ಟು ತೂಕ, ಬಲ ಇರುವ ದುಂಬಿ ಮತ್ತು ಎಲೆ ಕತ್ತರಿಸುವ ಜೇನುಗಳೇ ಅಲ್ಲಿಗೆ ಸರಿ. ಗುಲಾಬಿ ಎಲೆಯ ಅಂಚಿನಲ್ಲಿ ಬಳೆ ಇಟ್ಟು ಕತ್ತರಿಸಿದಂತೆ ದುಂಡಗಿನ ಗುರುತು ಕಂಡರೆ ಔಷಧಿ ಹೊಡೆಯಬೇಡಿ, ಅದು ನಿಮ್ಮ ತೊಗರಿಗೆ ಬೇಕಾದ ಜೀವ. ಮಾವಿಗಂತೂ ನೊಣ, ಹೂನೊಣಗಳೇ ಹೆಚ್ಚಿನ ಕೆಲಸ ಮಾಡುತ್ತವೆ. ಮಲೆನಾಡಿನ ಹೊಳೆದಂಡೆಯ ಮಾಳಂಜಿ, ಜೀರಿಗೆ, ಅನಂತಭಟ್ಟ ಅಪ್ಪೆಗಳ ಮಿಡಿ ಉಪ್ಪಿನಕಾಯಿ ಭರಣಿಗೆ ಬರುವುದು ಈ ಹೆಸರಿಲ್ಲದ ನೊಣಗಳ ದಯೆಯಿಂದ.

ಹಾಗಾದರೆ ಒಂದೇ ಜಾತಿಯ ಜೇನನ್ನು ಲಕ್ಷಗಟ್ಟಲೆ ಸಾಕಿ ತೋಟದಲ್ಲಿಟ್ಟರೆ ಸಾಲದೇ? ಇಂಡೋನೇಷ್ಯಾದ ಸುಲಾವೇಸಿ ದ್ವೀಪದ ಕಾಫಿ ತೋಟಗಳಲ್ಲಿ ನಡೆದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅಲೆಕ್ಸಾಂಡ್ರಾ ಕ್ಲೈನ್ ಮತ್ತು ಸಂಗಡಿಗರದು. ಮೂರು ಬಗೆಯ ಜೇನು ಬರುತ್ತಿದ್ದ ತೋಟದಲ್ಲಿ ನೂರು ಹೂವಿಗೆ ಸುಮಾರು 60 ಕಾಯಿ ಕಟ್ಟಿದರೆ, ಇಪ್ಪತ್ತು ಬಗೆಯ ಜೇನು ಬರುತ್ತಿದ್ದಲ್ಲಿ ಸುಮಾರು 90. ಹೆಚ್ಚಿದ್ದು ಜೇನಿನ ಬಗೆ. ಕಾಡಿಗೆ ಹತ್ತಿರವಿದ್ದು, ಬಿಸಿಲೂ ಬಗೆಬಗೆಯ ಹೂವೂ ಇದ್ದ ತೋಟಗಳಿಗೆ ಆ ಭಾಗ್ಯವಿತ್ತು. ಮರುವರ್ಷವೇ ಕೋಸ್ಟರಿಕಾದ ಒಂದು ದೊಡ್ಡ ಕಾಫಿ ತೋಟದಿಂದ ಇನ್ನೊಂದು ಲೆಕ್ಕ ಬಂತು. ಕಾಡಿನಿಂದ ಒಂದು ಕಿಲೋಮೀಟರಿನೊಳಗಿನ ಗಿಡಗಳಲ್ಲಿ ಇಳುವರಿ ಶೇ 20ರಷ್ಟು ಹೆಚ್ಚು. ಪಕ್ಕದ ಎರಡು ಕಾಡಿನ ತುಣುಕುಗಳು ಆ ಒಂದೇ ತೋಟಕ್ಕೆ ವರ್ಷಕ್ಕೆ ಸುಮಾರು 60,000 ಡಾಲರ್ ಗಳಿಸಿಕೊಡುತ್ತಿದ್ದವು.

ಇದು ನಮಗೆ ದೂರದ ಮಾತಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಅದರಲ್ಲೂ ಕೊಡಗಿನಲ್ಲಿ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಗೆ ಅದು ಆಗದು, ಬೇರೆ ಗಿಡದ ಪರಾಗವೇ ಬೇಕು. ಫೆಬ್ರವರಿ, ಮಾರ್ಚಿನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ಜಿಲ್ಲೆ ಬೆಳ್ಳಗಾಗುತ್ತದೆ. ಆ ಪರಿಮಳ ಎರಡು ಮೂರು ದಿನವಷ್ಟೇ. ಗಾಳಿ ಒಂದಿಷ್ಟು ಪರಾಗ ಒಯ್ಯುತ್ತದೆ, ಉಳಿದದ್ದು ಹೆಜ್ಜೇನು, ತುಡುವೆ, ಮುಜಂಟಿಗಳ ಪಾಲು. ಕೊಡಗಿನ ತೋಟಗಳಲ್ಲಿ ನಡೆದ ಅಧ್ಯಯನಗಳೂ ಈ ಮೂರನ್ನೇ ಗುರುತಿಸಿವೆ. ಇದರಲ್ಲಿ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕುವಂತಿಲ್ಲ, ಬಾ ಎಂದರೆ ಬರುವುದಿಲ್ಲ. ಎತ್ತರದ ಹೆಮ್ಮರವಿದ್ದರೆ ತಾನಾಗಿ ಬರುತ್ತದೆ. ಹಳೆಯ ಕಾಡುಮರದ ನೆರಳನ್ನು ಕಡಿದು ಸಿಲ್ವರ್ ಓಕಿನ ಸಾಲು ನಿಲ್ಲಿಸಿದವರು ಮರದ ದುಡ್ಡನ್ನು ಎಣಿಸಿಕೊಂಡರು. ಆ ಮರದೊಂದಿಗೆ ಹೋದ ಹೆಜ್ಜೇನು ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಜೇನಿಗೆ ಬೇಕಾದದ್ದು ಒಂದು ಬೆಳೆಯ ಹೂವಲ್ಲ, ವರ್ಷದ ಹೂವು. ಕಾಫಿ ಮೂರು ದಿನದ ಹಬ್ಬ. ಉಳಿದ ಮುನ್ನೂರ ಅರವತ್ತೆರಡು ದಿನ ಆ ಕುಟುಂಬ ಏನು ತಿನ್ನಬೇಕು? ತುಡುವೆ ಮೇವಿಗೆ ಹೋಗುವುದು ಹೆಚ್ಚೆಂದರೆ ಒಂದು, ಒಂದೂವರೆ ಕಿಲೋಮೀಟರ್. ಆ ವ್ಯಾಪ್ತಿಯೊಳಗೆ ತಿಂಗಳು ತಿಂಗಳಿಗೂ ಏನಾದರೊಂದು ಅರಳಿರಬೇಕು. ನಮ್ಮ ಹಿರಿಯರ ಹೊಲ, ಹಿತ್ತಿಲು, ಗುಂಡುತೋಪುಗಳಲ್ಲಿ ಆ ಪಂಚಾಂಗ ಇತ್ತು. ಬೇಸಿಗೆಗೆ ಬೇವು, ಹೊಂಗೆ, ನೇರಳೆ. ಮುಂಗಾರಿನ ಹೊತ್ತಿಗೆ ಹುಣಸೆ. ಮಳೆ ಹಿಡಿದಾಗ ಬದುವಿನ ತುಂಬೆ. ಬಾಲ್ಯದಲ್ಲಿ ಆ ಬಿಳಿ ಹೂವನ್ನು ಕಿತ್ತು ಬುಡ ಚೀಪದವರು ಯಾರಿದ್ದಾರೆ? ನಮ್ಮ ನಾಲಿಗೆಗೆ ಸಿಕ್ಕ ಆ ಹನಿಯೇ ಜೇನಿಗೆ ಊಟ. ಮಳೆ ಮುಗಿದ ಮೇಲೆ ಮಲೆನಾಡಿನಲ್ಲಿ ಅಂಟುವಾಳ, ಮುಂದೆ ಸೀಗೆ. ತೆಂಗಂತೂ ತಿಂಗಳಿಗೊಂದು ಹೊಂಬಾಳೆ ಬಿಡುವ ಮರ, ಅದರ ಮನೆಯಲ್ಲಿ ಜೇನಿಗೆ ವರ್ಷವಿಡೀ ಎಲೆ ಹಾಕಿರುತ್ತದೆ.

ಆದರೆ ಎಲ್ಲಕ್ಕಿಂತ ನನ್ನನ್ನು ಕಾಡುವುದು ಅಕ್ಕಡಿ ಸಾಲು. ತುಮಕೂರು, ಕೋಲಾರ, ಹಾಸನ, ಬೆಂಗಳೂರು ಸುತ್ತಿನ ರಾಗಿ ಹೊಲಗಳಲ್ಲಿ ಎಂಟು ಹತ್ತು ಸಾಲು ರಾಗಿಗೊಂದು ಅಕ್ಕಡಿ. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಸಾಸಿವೆ, ಹರಳು, ಹುಚ್ಚೆಳ್ಳು. ಮನೆಗೆ ಬೇಕಾದ ಬೇಳೆ, ಎಣ್ಣೆ, ಒಗ್ಗರಣೆ, ದೀಪ ಎಲ್ಲವೂ ಒಂದೇ ಹೊಲದಿಂದ ಬರುತ್ತಿತ್ತು. ಮಳೆ ಕೈಕೊಟ್ಟು ರಾಗಿ ಹೋದರೂ ತೊಗರಿಯೋ ಹರಳೋ ಕೈಹಿಡಿಯುತ್ತಿತ್ತು. ಅಕ್ಟೋಬರ್, ನವೆಂಬರಿನಲ್ಲಿ ಹುಚ್ಚೆಳ್ಳು ಅರಳಿದಾಗ ಹೊಲದ ನಡುನಡುವೆ ಹಳದಿ ಸೆರಗು ಹಾಸಿದಂತಿರುತ್ತಿತ್ತು, ಹತ್ತಿರ ಹೋದರೆ ಕಿವಿ ತುಂಬ ಝೇಂಕಾರ. ಹುಚ್ಚೆಳ್ಳಿಗೆ ಸ್ವಂತ ಪರಾಗದಿಂದ ಕಾಳು ಕಟ್ಟುವುದಿಲ್ಲ, ಜೇನು ಬರಲೇಬೇಕು. ಹೀಗೆ ಹುಚ್ಚೆಳ್ಳು ಕರೆದ ಜೇನು ಪಕ್ಕದ ಸಾಸಿವೆಗೂ ಬದುವಿನ ಕುಂಬಳಕ್ಕೂ ಹೋಗಿ ಬರುತ್ತಿತ್ತು. ಅದು ಮುಗಿಯುವಷ್ಟರಲ್ಲಿ ಅವರೆಯ ಸೊಗಡು ಏಳುತ್ತಿತ್ತು, ದುಂಬಿಗಳ ಸರದಿ. ಉತ್ತರ ಕರ್ನಾಟಕದಲ್ಲಿ ಇದೇ ಹುಚ್ಚೆಳ್ಳು ಗುರೆಳ್ಳಾಗಿ ರೊಟ್ಟಿಯ ಜೊತೆಗಿನ ಚಟ್ನಿಯಾಯಿತು. ಹಿಂಗಾರಿ ಜೋಳದ ಸುತ್ತ ದನ ನುಗ್ಗದಂತೆ ಹಾಕುತ್ತಿದ್ದ ಮುಳ್ಳಿನ ಕುಸುಬಿಯೂ ಜೇನಿಗೆ ಹಬ್ಬವೇ. ಇದನ್ನೆಲ್ಲ ಕಟ್ಟಿದವರು ಜೇನಿಗಾಗಿ ಕಟ್ಟಲಿಲ್ಲ, ತಮ್ಮ ಊಟಕ್ಕಾಗಿ ಕಟ್ಟಿದರು. ಆ ಊಟದಲ್ಲಿ ಜೇನಿಗೂ ಪಾಲಿತ್ತು.

ಆ ಹೊಲ ಈಗ ಒಂದೇ ಬಣ್ಣದ್ದಾಗಿದೆ. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಕಣ್ಣು ಹಾಯುವವರೆಗೂ ಮೆಕ್ಕೆಜೋಳ. ಅದಕ್ಕೆ ಪರಾಗವಿದೆ, ಮಕರಂದವಿಲ್ಲ. ಆ ಪರಾಗವೂ ಕೆಲವೇ ದಿನದ್ದು. ಕಳೆನಾಶಕ ಬಂದ ಮೇಲೆ ತುಂಬೆಗೂ ಜಾಗವಿಲ್ಲ. ಕೂಲಿಯಾಳು ಸಿಗದ ರೈತನನ್ನು ನಾನು ದೂರಲಾರೆ. ಅಕ್ಕಡಿ ಸಾಲಿನ ಏಳು ಕಾಳನ್ನು ಏಳು ಸಲ ಕೊಯ್ಯಲು ಮನೆಯಲ್ಲಿ ಕೈಗಳೇ ಇಲ್ಲ, ಯಂತ್ರಕ್ಕೆ ಬೇಕಾದದ್ದು ಒಂದೇ ಎತ್ತರದ ಒಂದೇ ಬೆಳೆ. ಬೆಂಬಲ ಬೆಲೆ, ಖರೀದಿ ಕೇಂದ್ರ, ಬೀಜ, ವಿಮೆ ಎಲ್ಲವೂ ಒಂಟಿ ಬೆಳೆಯ ಲೆಕ್ಕದಲ್ಲೇ ನಡೆಯುತ್ತವೆ. ಮಿಶ್ರ ಬೆಳೆಗಾರನನ್ನು ವ್ಯವಸ್ಥೆಯೇ ಬದಿಗೆ ತಳ್ಳಿದೆ. ಈ ತಪ್ಪು ಹೊಲದಲ್ಲಿ ಆಗಿದ್ದಲ್ಲ, ಕಚೇರಿಗಳಲ್ಲಿ ಆಗಿದ್ದು ಎಂದೇ ನನ್ನ ನಂಬಿಕೆ.

ಹೂವಿನ ಜೊತೆ ವಿಷದ ಮಾತನ್ನೂ ಹೇಳಬೇಕು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಪುಗಳ ಮೇಲೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಗೇರಿನ ಹೂವಿಗೆ ಬರುವ ಸೊಳ್ಳೆತಿಗಣೆಯನ್ನು ಕೊಲ್ಲಲು. ಅದು ಜೇನೂ ಬರುವ ಹೊತ್ತು. ಆ ಊರುಗಳ ಮಕ್ಕಳಿಗೆ ಆದದ್ದನ್ನು ನಾಡು ನೋಡಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನನ್ನೇ ನಿಷೇಧಿಸಿತು. ಈಗ ಬಳಕೆಯಲ್ಲಿರುವ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಂನಂಥ ಕೀಟನಾಶಕಗಳು ಗಿಡದ ರಸದಲ್ಲಿ ಸೇರಿ ಪರಾಗ, ಮಕರಂದದವರೆಗೂ ಏರುತ್ತವೆ. ನೊಣ ತಕ್ಷಣ ಸಾಯದಿದ್ದರೂ ದಾರಿ ತಪ್ಪುತ್ತದೆ, ಗೂಡಿಗೆ ಮರಳುವುದಿಲ್ಲ. ಐರೋಪ್ಯ ಒಕ್ಕೂಟ 2018ರಲ್ಲಿ ಇಂಥ ಮೂರು ಔಷಧಿಗಳನ್ನು ತೆರೆದ ಹೊಲದಲ್ಲಿ ಬಳಸದಂತೆ ತಡೆದಿದೆ. ನಮ್ಮ ಗೊಬ್ಬರದ ಅಂಗಡಿಯಲ್ಲಿ ಅವು ಸುಲಭವಾಗಿ ಸಿಗುತ್ತವೆ.

ತುಡುವೆ ಒಮ್ಮೆ ಸತ್ತು ಬದುಕಿದ ಕಥೆ ಹಳೆಯ ಜೇನು ಕೃಷಿಕರಿಗೆ ಚೆನ್ನಾಗಿ ಗೊತ್ತು. ಕಳೆದ ಶತಮಾನದ ಎರಡನೇ ದಶಕದಲ್ಲಿ ತಿರುಚ್ಚಿಯ ಪಾದ್ರಿ ನ್ಯೂಟನ್ ತುಡುವೆಗೆ ಒಗ್ಗುವ ಚಿಕ್ಕ ಪೆಟ್ಟಿಗೆ ಮಾಡಿ, ದಕ್ಷಿಣ ಭಾರತದಲ್ಲಿ ಜೇನು ಸಾಕಣೆಯನ್ನು ಕಲಿಸಿದರು. ಮುಂದೆ ವಿರಾಜಪೇಟೆ, ಭಾಗಮಂಡಲ, ಪುತ್ತೂರುಗಳಲ್ಲಿ ಸಹಕಾರ ಸಂಘಗಳೆದ್ದವು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಶುರುವಾಗುವುದೇ ಮೂಡಿಗೆರೆಯ ಜೇನು ಸೊಸೈಟಿಯಿಂದ ಎಂಬುದನ್ನು ಓದುಗರು ಬಲ್ಲರು. ಆ ಕಾಲದ ಮಲೆನಾಡಿಗೆ ಜೇನು ಅಷ್ಟು ಹತ್ತಿರದ್ದಾಗಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಬಂತು. ಮರಿಹುಳುಗಳು ಕೋಣೆಯಲ್ಲೇ ನೀರು ತುಂಬಿದ ಚೀಲದಂತಾಗಿ ಸತ್ತವು. ಹತ್ತರಲ್ಲಿ ಒಂಬತ್ತು ಪೆಟ್ಟಿಗೆ ಖಾಲಿಯಾದವು ಎನ್ನುವ ಮಾತು ಕೊಡಗು, ಕೇರಳ ಎರಡೂ ಕಡೆ ಇದೆ. ಮನೆಮುಂದಿನ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿ ಜೇನನ್ನೇ ಮರೆತ ಕುಟುಂಬಗಳು ಎಷ್ಟೋ.

ತುಡುವೆ ಮರಳಿ ಬಂದದ್ದು ಯಾವ ಔಷಧಿಯಿಂದಲೂ ಅಲ್ಲ. ಕಾಡಿನ ಪೊಟರೆಗಳಲ್ಲಿ, ಹುತ್ತಗಳಲ್ಲಿ ರೋಗವನ್ನು ತಾಳಿಕೊಂಡು ಉಳಿದ ಹಿಂಡುಗಳು ನಿಧಾನವಾಗಿ ಪಾಲಾದವು, ಜನ ಅವನ್ನು ಹಿಡಿದು ಪೆಟ್ಟಿಗೆಗೆ ತುಂಬಿದರು. ಎಲ್ಲ ತುಡುವೆಯೂ ಒಂದೇ ಅಚ್ಚಿನದಾಗಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಬೀಜದ ಮಾತೂ ಇದೇ. ಶಿರಸಿಯ ವನಸ್ತ್ರೀ ಸಂಘದ ಹೆಂಗಸರು ಹಿತ್ತಿಲಿನ ಸೌತೆ, ಬದನೆ, ಹೀರೆ ಬೀಜಗಳನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಾಪಿಟ್ಟುಕೊಂಡು, ಕೈಯಿಂದ ಕೈಗೆ ಹಂಚಿಕೊಂಡು ಬಂದಿದ್ದಾರೆ. ಒಂದು ಸೌತೆಯ ತಳಿ ಶುದ್ಧವಾಗಿ ಬೇಕೆಂದರೆ ಹೆಣ್ಣು ಹೂವಿಗೆ ಬಟ್ಟೆ ಕಟ್ಟಿ ಜೇನನ್ನು ದೂರವಿಡಬೇಕು. ಬೀಜಕ್ಕೆ ಹೊಸ ಕಸುವು ಬೇಕೆಂದರೆ ಅದೇ ಜೇನನ್ನು ಬಿಡಬೇಕು. ಬೀಜ ಕಾಯುವವರಿಗೆ ಎರಡೂ ಗೊತ್ತಿರುತ್ತದೆ.

ಈಗ ಸರ್ಕಾರ ಜೇನಿನ ಬಗ್ಗೆ ಆಸಕ್ತಿ ತೋರಿಸುತ್ತಿದೆ. ಕೇಂದ್ರದ ಜೇನು ಮಿಷನ್ನಿಗೆ 2020ರಲ್ಲಿ 500 ಕೋಟಿ ರೂಪಾಯಿ ಘೋಷಣೆಯಾಯಿತು. ರಾಜ್ಯದ ತೋಟಗಾರಿಕೆ ಇಲಾಖೆ ಸಹಾಯಧನದಲ್ಲಿ ಪೆಟ್ಟಿಗೆ ಕೊಡುತ್ತದೆ, ತರಬೇತಿ ನಡೆಸುತ್ತದೆ. ಒಳ್ಳೆಯದೇ. ಆದರೆ ಪೆಟ್ಟಿಗೆ ಪಡೆದ ಎಷ್ಟೋ ಮನೆಗಳಲ್ಲಿ ವರ್ಷ ತಿರುಗುವಷ್ಟರಲ್ಲಿ ಜೇನು ಹಾರಿಹೋಗಿ, ಒಳಗೆ ಜೇಡ ಬಲೆ ಕಟ್ಟಿರುವುದನ್ನು ನಾನೇ ನೋಡಿದ್ದೇನೆ. ಸುತ್ತ ಒಂದು ಕಿಲೋಮೀಟರಿನಲ್ಲಿ ಹೂವೇ ಇಲ್ಲದ ಕಡೆ ಪೆಟ್ಟಿಗೆ ಇಟ್ಟರೆ ಸಕ್ಕರೆ ಪಾಕ ಎರೆದು ಎಷ್ಟು ದಿನ ನಿಲ್ಲಿಸಿಕೊಳ್ಳಬಹುದು? ಮಳೆಗಾಲದ ಎರಡು ತಿಂಗಳಿಗೆ ಪಾಕ ಕೊಡುವುದು ಬೇರೆ, ವರ್ಷಪೂರ್ತಿ ಸಾಕುವುದು ಬೇರೆ. ಪೆಟ್ಟಿಗೆ ಹಂಚುವ ಮೊದಲು ಆ ಊರಿನ ಹೂವಿನ ಪಂಚಾಂಗ ಬರೆಯಬೇಕು. ಯಾವ ತಿಂಗಳು ಖಾಲಿ ಇದೆ, ಆ ತಿಂಗಳಲ್ಲಿ ಅರಳುವ ಯಾವ ಮರವನ್ನು ಗೋಮಾಳದಲ್ಲಿ, ಕೆರೆ ಏರಿಯಲ್ಲಿ, ಶಾಲೆಯ ಅಂಗಳದಲ್ಲಿ ನೆಡಬಹುದು ಎಂದು ಗ್ರಾಮ ಪಂಚಾಯಿತಿಯೇ ಕೂತು ತೀರ್ಮಾನಿಸಬೇಕು. ಉದ್ಯೋಗ ಖಾತರಿಯಲ್ಲಿ ಗಿಡ ನೆಡುವ ಕೆಲಸ ಹೇಗೂ ನಡೆಯುತ್ತದೆ. ಅಲ್ಲಿ ಅಕೇಶಿಯಾ ಬದಲು ಹೊಂಗೆ, ನೇರಳೆ, ಹುಣಸೆ, ಅಂಟುವಾಳ ನೆಟ್ಟರೆ ಖರ್ಚು ಹೆಚ್ಚಾಗುವುದಿಲ್ಲ.

ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದ ಆಲದ ಮರವೊಂದು ನೂರಾರು ಹೆಜ್ಜೇನು ಎರಿಗಳಿಗೆ ಹೆಸರಾದದ್ದು. ಬೆಂಗಳೂರಿನ ಮಗ್ಗುಲಲ್ಲೇ ಹಾಗೆ ಹೆಜ್ಜೇನನ್ನು ಉಳಿಸಿಕೊಂಡ ಊರಿದೆ. ಅದೇ ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಹೆಜ್ಜೇನು ಬಂದರೆ ಕೀಟನಾಶಕ ಹೊಡೆಯುವವರನ್ನು ಕರೆದು ರಾತ್ರೋರಾತ್ರಿ ಸಾವಿರಾರು ನೊಣಗಳನ್ನು ಕೊಲ್ಲಿಸುತ್ತೇವೆ. ಅವು ಬೀಡು ಬಿಟ್ಟು ಕೆಲವು ತಿಂಗಳಿಗೆ ತಾವಾಗಿ ವಲಸೆ ಹೋಗುವ ಜೀವಗಳು. ಬಾಗಿಲು ಮುಚ್ಚಿಕೊಂಡು, ರಾತ್ರಿ ಆ ಕಡೆಯ ದೀಪ ಆರಿಸಿ, ಕೆಣಕದೆ ಇದ್ದರೆ ಬಹುಪಾಲು ಸಲ ಏನೂ ಆಗುವುದಿಲ್ಲ. ಮಕ್ಕಳು ಓಡಾಡುವ ಜಾಗವಾದರೆ ಜೇನು ಬಲ್ಲವರನ್ನು ಕರೆಸಿ ಕೊಲ್ಲದೆ ಸ್ಥಳಾಂತರ ಮಾಡಿಸಿ.

ಹೊಲವಿರುವವರಲ್ಲಿ ನನ್ನದೊಂದು ಬೇಡಿಕೆ. ಎಲ್ಲ ಬೆಳೆಯನ್ನೂ ಬದಲಿಸಿ ಎನ್ನುವುದಿಲ್ಲ. ಈ ಸಲ ರಾಗಿಯ ನಡುವೆ ನಾಲ್ಕು ಸಾಲು ಹುಚ್ಚೆಳ್ಳು ಹಾಕಿ. ಬದುವಿನ ಒಂದು ಮಗ್ಗುಲನ್ನು ಕೆತ್ತದೆ, ಕಳೆನಾಶಕ ಹೊಡೆಯದೆ ತುಂಬೆಗೆ ಬಿಡಿ. ಹೊಂಗೆಯ ಮರ ಬಿಸಿಲು ತಡೆಯುತ್ತದೆಂದು ಕಡಿಯಲು ಹೊರಟಿದ್ದರೆ ಒಂದು ಕೊಂಬೆಗೆ ನಿಲ್ಲಿಸಿ. ಔಷಧಿ ಹೊಡೆಯಲೇಬೇಕೆಂದರೆ ಹೂವಿನ ಹೊತ್ತು ತಪ್ಪಿಸಿ. ಅದೂ ಆಗದಿದ್ದರೆ ಹೊತ್ತು ಮುಳುಗಿ ನೊಣಗಳು ಗೂಡು ಸೇರಿದ ಮೇಲೆ ಹೊಡೆಯಿರಿ, ಮುಂಚಿನ ದಿನವೇ ಪಕ್ಕದ ಜೇನು ಸಾಕುವವರಿಗೆ ಹೇಳಿ ಕಳಿಸಿ. ಪೇಟೆಯಲ್ಲಿರುವವರು ಮುಂದಿನ ತಿಂಗಳ ದಿನಸಿ ಚೀಟಿಯಲ್ಲಿ ಕಾಲು ಕಿಲೋ ಹುಚ್ಚೆಳ್ಳು ಬರೆಯಿರಿ. ಹುರಿದು, ಒಣಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದರೆ ಚಟ್ನಿಪುಡಿಯಾಯಿತು. ಹೊಲದಲ್ಲಿ ಅದರ ಬಿತ್ತನೆಗೆ ರಾಗಿಯ ಜೊತೆಯಲ್ಲೇ, ಜುಲೈ ಆಗಸ್ಟಿನಲ್ಲಿ ಹದ ಸಿಗುತ್ತದೆ. ನಾಲ್ಕು ಸಾಲಿಗೆ ಒಂದು ಬೊಗಸೆ ಬೀಜ ಸಾಕು.